ಆಶಾ ಕಾರ್ಯಕರ್ತೆಯರಿಗೆ ಗರ್ಭಿಣಿಯರ ಆರೈಕೆಯ ಆ್ಯಪ್ ಮಾಡುವುದಾದರೆ ಅದರಲ್ಲಿ ಏನಿರಬೇಕು?

ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಬಳಸುವಂಥ ಮೊಬೈಲ್ ಆ್ಯಪ್ ಒಂದನ್ನು ನೀವು ಕಾಲೇಜಿನ ಸ್ನೇಹಿತರು ಸೇರಿ ರೂಪಿಸುತ್ತಿರುವುದಾಗಿ ಬರೆದಿದ್ದೀರಿ. ಗರ್ಭಿಣಿಯರ ಬಗ್ಗೆ ಅದರಲ್ಲಿ ಯಾವ ಯಾವ ಮಾಹಿತಿ ತುಂಬಿಸಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಕುಮಟಾ ತಾಲ್ಲೂಕಿನಲ್ಲಿ, ದೇವಿಮನೆ ಘಟ್ಟದ ಬುಡದ ಒಂದು ಉಪಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಯಾಗಿದ್ದೇನೆ. ಊರವರ ಬಾಯಲ್ಲಿ ಸಿಸ್ಟರ್. ತುಂಬಿದ ಅಂಕಿಯನ್ನು ನೋಡಿ ಆ್ಯಪ್ ಅಲ್ಲೇ, ಆ ಜಗಲಿಯ ಮೇಲೇ, ನಮಗೆ ಏನು ಹೇಳುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಏನನ್ನು ತುಂಬಿಸಬೇಕೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಒಂದು ಆಷಾಢದಲ್ಲಿ ಅಘನಾಶಿನಿಯ ಆಚೆ ದಡದ ಗುಡ್ಡದ ಮನೆಯೊಂದಕ್ಕೆ ಆಶಾ ಜೊತೆ ಹೋಗಿದ್ದೆ. ಎಂಟನೇ ತಿಂಗಳ ಬಸುರಿ ಎರಡೂ ಕೈಯಿಂದ ಹಣೆ ಒತ್ತಿಕೊಂಡು ಕೂತಿದ್ದಳು. ಕಾಲು ಊದಿ, ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋದಂತಿತ್ತು. "ತಲೆ ಸಿಡೀತದೆ ಸಿಸ್ಟರ್, ಕಣ್ಣು ಮಂಜು ಮಂಜು" ಎಂದಳು. ಬಸುರಿಗೆ ಕಾಲು ಊದುವುದು ಇದ್ದದ್ದೇ ಎಂದು ಅತ್ತೆ ಸಮಾಧಾನ ಹೇಳುತ್ತಿದ್ದರು. ರಕ್ತದೊತ್ತಡ ನೋಡಿದರೆ 156/104. ಆಗ ನಾವು ಬಳಸುತ್ತಿದ್ದ ಆ್ಯಪ್‌ನಲ್ಲಿ ಅದನ್ನು ಹಾಕಿದೆ. ಅದು ಅಂಕಿಯನ್ನು ಸ್ವೀಕರಿಸಿ, ಮುಂದಿನ ಪುಟದಲ್ಲಿ ಆಕೆಯ ಬ್ಯಾಂಕ್ ಖಾತೆಯ ಸಂಖ್ಯೆ ಕೇಳಿತು. ನಾನು ಫೋನ್ ಬದಿಗಿಟ್ಟು, ತಾಯಿ ಕಾರ್ಡಿನಲ್ಲಿ ಕೆಂಪು ಪೆನ್ನಿನಿಂದ ಬರೆದು, ಸಿಗ್ನಲ್ ಸಿಗುವ ದಿಬ್ಬದವರೆಗೆ ಆಶಾಳನ್ನು ಓಡಿಸಿ 108ಕ್ಕೆ ಕರೆ ಮಾಡಿಸಿದೆ. ತಾಯಿ, ಮಗು ಇಬ್ಬರೂ ಕ್ಷೇಮವಾಗಿದ್ದಾರೆ. ಆದರೆ ಆ ದಿನ ನಾನಿಲ್ಲದೆ, ಕೆಲಸಕ್ಕೆ ಹೊಸದಾಗಿ ಸೇರಿದ ಆಶಾ ಒಬ್ಬಳೇ ಹೋಗಿದ್ದರೆ ಖಾತೆಯ ಸಂಖ್ಯೆ ತುಂಬಿಸಿ ಮುಂದಿನ ಮನೆಗೆ ಹೋಗಿಬಿಡುತ್ತಿದ್ದಳೇನೋ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ರಕ್ತದೊತ್ತಡ 140/90 ಮುಟ್ಟಿದರೆ, ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ, ಅದೂ 7ಕ್ಕಿಂತ ಕೆಳಗಿಳಿದರೆ, ರಕ್ತಸ್ರಾವ, ಮಂಜುಗಣ್ಣು ಅಥವಾ ಮಗುವಿನ ಚಲನೆ ಕಡಿಮೆಯಾದ ದೂರು ಇದ್ದರೆ, ಪರದೆ ಬಣ್ಣ ಬದಲಿಸಿ, ಇವತ್ತೇ ಕಳಿಸಬೇಕೋ ಈ ವಾರದೊಳಗೆ ತೋರಿಸಿದರೆ ಸಾಕೋ ಎಂದು ಕನ್ನಡದಲ್ಲಿ ಒಂದೇ ವಾಕ್ಯ ಹೇಳಬೇಕು. ಇದೆಲ್ಲ ನೆಟ್‌ವರ್ಕ್ ಇಲ್ಲದೆಯೂ ನಡೆಯಬೇಕು. ಜೋಯಿಡಾದ ಕಾಡಿನಲ್ಲಿ, ಸಿರ್ಸಿ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಸಿಗ್ನಲ್ ಹುಡುಕಿಕೊಂಡು ಹೋಗುವುದೇ ಒಂದು ಕೆಲಸ.

ನಿಮ್ಮ ಪಕ್ಕದಲ್ಲೇ ನಡೆದ ಒಂದು ದೊಡ್ಡ ಪ್ರಯೋಗವನ್ನು ದಯವಿಟ್ಟು ಓದಿ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ, ಹಾಗೆಯೇ ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲಿ, 'ಕ್ಲಿಪ್' ಎಂಬ ಅಧ್ಯಯನ ನಡೆಯಿತು. ಗರ್ಭಿಣಿಯ ಲಕ್ಷಣ ಮತ್ತು ರಕ್ತದೊತ್ತಡ ನೋಡಿ ಅಪಾಯ ಎಷ್ಟೆಂದು ಲೆಕ್ಕಹಾಕಿ ಹೇಳುವ ಆ್ಯಪ್ ಅನ್ನು ಅಲ್ಲಿನ ಕಾರ್ಯಕರ್ತೆಯರ ಕೈಗೆ ಕೊಟ್ಟಿದ್ದರು. ಅಗತ್ಯ ಬಿದ್ದರೆ ರಕ್ತದೊತ್ತಡ ಇಳಿಸುವ ಮೀಥೈಲ್‌ಡೋಪಾ ಮಾತ್ರೆ ಅಥವಾ ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು ಕೊಟ್ಟು ಆಸ್ಪತ್ರೆಗೆ ಕಳಿಸುವ ಕ್ರಮವೂ ಇತ್ತು. 2020ರಲ್ಲಿ ಪ್ರಕಟವಾದ ಒಟ್ಟು ಫಲಿತಾಂಶದಲ್ಲಿ ತಾಯಿ-ಮಕ್ಕಳ ಸಾವು ಮತ್ತು ತೀವ್ರ ತೊಂದರೆ ಕಡಿಮೆಯಾಗಿರಲಿಲ್ಲ. ಆದರೆ ಎಂಟು ಅಥವಾ ಅದಕ್ಕಿಂತ ಹೆಚ್ಚು ಭೇಟಿ ಸಿಕ್ಕ ಗರ್ಭಿಣಿಯರಲ್ಲಿ, ಒಂದೂ ಭೇಟಿ ಸಿಗದವರಿಗಿಂತ, ಅಂಥ ಅನಾಹುತಗಳು ಕಡಿಮೆ ಕಂಡುಬಂದವು. ಆ್ಯಪ್ ಎಷ್ಟೇ ಜಾಣನಿದ್ದರೂ ಮನೆಯ ಮೆಟ್ಟಿಲು ಹತ್ತುವವಳು ಆಶಾ ಎಂದೇ ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಆಕೆಯ ಭೇಟಿಯ ಹತ್ತು ನಿಮಿಷವನ್ನು ನಿಮ್ಮ ಪುಟಗಳೇ ತಿಂದುಬಿಡಬಾರದು. ಒಬ್ಬಳೇ ಬಸುರಿಯ ಹೆಸರು ಈಗಾಗಲೇ ತಾಯಿ ಕಾರ್ಡಿನಲ್ಲಿ, ನನ್ನ ರಿಜಿಸ್ಟರಿನಲ್ಲಿ, ತಾಯಿ-ಮಕ್ಕಳ ಆರೋಗ್ಯದ ಸರ್ಕಾರಿ ದಾಖಲೆ ಇರುವ ಆರ್‌ಸಿಎಚ್ ಪೋರ್ಟಲ್‌ನಲ್ಲಿ, ಅಂಗನವಾಡಿಯ ಪೋಷಣ್ ಟ್ರ್ಯಾಕರ್‌ನಲ್ಲಿ ಇರುತ್ತದೆ. ಇನ್ನೊಂದು ಕಡೆ ಅದನ್ನೇ ಬರೆಸಬೇಡಿ.

ನಮ್ಮ ಕಡೆಯ ಎರಡು ಸಂಗತಿಗಳು ಊರಿನ ಹೊರಗಿನವರಿಗೆ ಹೊಳೆಯುವುದಿಲ್ಲ. ಚೊಚ್ಚಲ ಹೆರಿಗೆಗೆ ಏಳನೇ ತಿಂಗಳ ಹೊತ್ತಿಗೆ ಹುಡುಗಿ ತವರಿಗೆ ಹೋಗುತ್ತಾಳೆ; ಆಕೆಯ ದಾಖಲೆ ಗಂಡನ ಊರಿನ ಆಶಾಳ ಫೋನಿನಲ್ಲೇ ಉಳಿಯುತ್ತದೆ. ಅಪಾಯ ಹೆಚ್ಚುವ ಕಾಲಕ್ಕೇ ಆಕೆ ಇಬ್ಬರ ಪಟ್ಟಿಯಿಂದಲೂ ತಪ್ಪಿಹೋಗುತ್ತಾಳೆ. ಒಂದು ಗುಂಡಿ ಒತ್ತಿದರೆ ತವರೂರಿನ ಆಶಾಗೆ ಹೆಸರು ದಾಟುವಂತಿರಲಿ. ಇನ್ನು, ನೋಂದಾಯಿಸಿದ ಮೊಬೈಲ್ ಸಂಖ್ಯೆ ಬಹಳ ಸಲ ಗಂಡನದು. ಕಾರವಾರದಿಂದ ಭಟ್ಕಳದವರೆಗಿನ ಮೀನುಗಾರರ ಕೇರಿಗಳಲ್ಲಿ ಆ ಫೋನ್ ಬೋಟಿನ ಮೇಲೆ ಸಮುದ್ರದಲ್ಲಿರುತ್ತದೆ, ತಪಾಸಣೆಯ ನೆನಪಿನ ಸಂದೇಶವೂ ಅಲ್ಲಿಗೇ ಹೋಗುತ್ತದೆ. ಮನೆಯಲ್ಲಿರುವ ಅತ್ತೆಯದೋ ಪಕ್ಕದ ಮನೆಯದೋ ಎರಡನೇ ಸಂಖ್ಯೆಗೆ ಜಾಗ ಇಡಿ. ಕೊಂಕಣಿಯಲ್ಲಿ ಧ್ವನಿ ಸಂದೇಶ ಕೊಡಲು ಸಾಧ್ಯವಾದರೆ ಬಹಳ ಉಪಕಾರ.

ಇಷ್ಟರ ಮೇಲೆ ಒಂದೇ ಒಂದು ಸೌಲಭ್ಯ ಸೇರಿಸುವುದಾದರೆ ಮಳೆಗಾಲದ ಪಟ್ಟಿ ಸೇರಿಸಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದಾಗ, ಮುಂದಿನ ಎರಡು ವಾರದಲ್ಲಿ ಹೆರಿಗೆ ಆಗಬೇಕಾದವರು ಯಾರು, ಅವರಲ್ಲಿ ಹಳ್ಳದ ಆಚೆ ಇರುವವರೆಷ್ಟು ಎಂದು ನಾನು ರಿಜಿಸ್ಟರಿನ ಹಾಳೆ ತಿರುವುತ್ತ ರಾತ್ರಿಯಿಡೀ ಕೂತಿದ್ದೆ. ಹೆರಿಗೆಯ ದಿನಾಂಕ, ಮನೆಯ ದಾರಿ, ಹತ್ತಿರದ ಆಸ್ಪತ್ರೆಗೆ ಇರುವ ಬದಲಿ ರಸ್ತೆ, ಮೊದಲೇ ಹೋಗಿ ಇರಬಹುದಾದ ನೆಂಟರ ಮನೆ, ಇವಿಷ್ಟನ್ನು ಜೂನ್ ಮೊದಲ ವಾರದಲ್ಲೇ ಒಂದು ಪುಟದಲ್ಲಿ ತೋರಿಸುವ ಆ್ಯಪ್ ಮಾಡಿದರೆ ನಮ್ಮ ಆಶಾಗಳು ಅದನ್ನು ಕೇಳಿ ಪಡೆದುಕೊಳ್ಳುತ್ತಾರೆ.