ಬುದ್ಧ ಹೇಳಿದ ‘ಪ್ರಭಾಸ್ವರ ಚಿತ್ತ’ವೆಂದರೆ ಆತ್ಮವೇ?

ಚಿತ್ತವು ಸ್ವಭಾವದಿಂದಲೇ ಪ್ರಭಾಸ್ವರ, ಅಂದರೆ ಹೊಳೆಯುವಂಥದ್ದು ಎಂದು ಬುದ್ಧನೇ ಹೇಳಿರುವಾಗ, ಅದಕ್ಕೂ ಉಪನಿಷತ್ತುಗಳ ಸ್ವಯಂಪ್ರಕಾಶ ಆತ್ಮಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದೀರಿ. ಮೊದಲ ಸಲ ಓದಿದಾಗ ನಾನೂ ಎರಡೂ ಒಂದೇ ಎಂದುಕೊಂಡಿದ್ದೆ, ಈಗ ಹಾಗೆನಿಸುವುದಿಲ್ಲ.

ಮೂಲ ಮಾತು ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲೊಂದಾದ ಅಂಗುತ್ತರ ನಿಕಾಯದ ಏಕಕ ನಿಪಾತವೆಂಬ ಭಾಗದಲ್ಲಿದೆ: ‘ಪಭಸ್ಸರಮಿದಂ ಭಿಕ್ಖವೇ ಚಿತ್ತಂ, ತಂ ಚ ಖೋ ಆಗಂತುಕೇಹಿ ಉಪಕ್ಕಿಲೇಸೇಹಿ ಉಪಕ್ಕಿಲಿಟ್ಠಂ.’ ಭಿಕ್ಷುಗಳೇ, ಈ ಚಿತ್ತ ಹೊಳೆಯುವಂಥದ್ದು, ಆದರೆ ಹೊರಗಿನಿಂದ ಬಂದ ಕೊಳೆಗಳಿಂದ ಮಲಿನವಾಗಿದೆ ಎಂದರ್ಥ. ನಿಮ್ಮ ‘ಸ್ವಭಾವದಿಂದಲೇ’ ಎಂಬ ಪದ ಈ ವಾಕ್ಯದಲ್ಲಿಲ್ಲ.

‘ಪಭಸ್ಸರ’ವನ್ನು (ಪ್ರಭಾಸ್ವರದ ಪಾಲಿ ರೂಪ) ತಾನೇ ಬೆಳಗುವ ದೀಪದೊಂದಿಗೆ ಜೋಡಿಸುವ ಮೊದಲು ಅಕ್ಕಸಾಲಿಗನ ಕುಲುಮೆಯ ಬಳಿ ಒಮ್ಮೆ ನಿಲ್ಲಬೇಕು. ಇನ್ನೊಂದು ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದ ಒಂದು ಸುತ್ತದಲ್ಲಿ (ಉಪದೇಶದಲ್ಲಿ) ಇದೇ ಪದ ಚಿನ್ನಕ್ಕೆ ಬಳಕೆಯಾಗಿದೆ: ಕಬ್ಬಿಣ, ತಾಮ್ರ, ತವರ, ಸೀಸ, ಬೆಳ್ಳಿ ಬೆರೆತ ಚಿನ್ನ ಮೃದುವಾಗಿರುವುದಿಲ್ಲ, ಪಭಸ್ಸರವಾಗಿರುವುದಿಲ್ಲ, ಪುಡಿಯಾಗುತ್ತದೆ, ಕೆಲಸಕ್ಕೆ ಬಗ್ಗುವುದಿಲ್ಲ, ಕಾಮ, ದ್ವೇಷ, ಜಡತೆ, ತಳಮಳ, ಸಂಶಯಗಳು ಬೆರೆತ ಚಿತ್ತವೂ ಹಾಗೆಯೇ. ಅಂಗುತ್ತರದ ಇನ್ನೊಂದು ಸುತ್ತದಲ್ಲಿ ಅಕ್ಕಸಾಲಿಗನು ಕಾದ ಚಿನ್ನಕ್ಕೆ ಆಗಾಗ ಊದುತ್ತಾನೆ, ಆಗಾಗ ನೀರು ಚಿಮುಕಿಸುತ್ತಾನೆ, ಆಗಾಗ ಸುಮ್ಮನೆ ನೋಡುತ್ತಾನೆ. ಊದುತ್ತಲೇ ಇದ್ದರೆ ಸುಟ್ಟುಹೋಗುತ್ತದೆ, ನೀರನ್ನೇ ಹಾಕುತ್ತಿದ್ದರೆ ಆರಿಹೋಗುತ್ತದೆ, ಬರೀ ನೋಡುತ್ತಿದ್ದರೆ ಹದಕ್ಕೆ ಬರುವುದಿಲ್ಲ. ಹೀಗೆ ನೋಡಿದರೆ, ಹೊಳಪೆಂಬುದು ಒಳಗೆ ಅಡಗಿ ಕುಳಿತ ಶಾಶ್ವತ ವಸ್ತುವಲ್ಲ, ಕೆಲಸಕ್ಕೆ ಒದಗುವ ಚಿತ್ತದ ಹದ. (ಪಾಲಿ ಗ್ರಂಥಗಳನ್ನು ಅನುಸರಿಸುವ ಥೇರವಾದ ಪಂಥದ ಅಟ್ಠಕಥೆ, ಅಂದರೆ ವ್ಯಾಖ್ಯಾನ, ಅಂಗುತ್ತರದ ಆ ಹೊಳೆಯುವ ಚಿತ್ತವನ್ನು ಭವಂಗ ಚಿತ್ತ, ಅಂದರೆ ಬೇರೆ ಅರಿವು ನಡೆಯದಿರುವಾಗ ಹಿನ್ನೆಲೆಯಲ್ಲಿ ಹರಿಯುವ ಚಿತ್ತ, ಎಂದು ವಿವರಿಸುತ್ತದೆ, ಆ ಭವಂಗವೂ ಕ್ಷಣಕ್ಷಣಕ್ಕೆ ಹುಟ್ಟಿ ಅಳಿಯುವಂಥದ್ದೇ.)

ಮಹಾಯಾನದಲ್ಲಿ ನಿಮ್ಮ ‘ಸ್ವಭಾವ’ಕ್ಕೆ ಸಮನಾದ ‘ಪ್ರಕೃತಿ’ ಎಂಬ ಪದ ಎದ್ದು ಕಾಣುತ್ತದೆ. ಆದರೆ ಅಷ್ಟಸಾಹಸ್ರಿಕಾ ಪ್ರಜ್ಞಾಪಾರಮಿತೆ ಎಂಬ ಮಹಾಯಾನ ಸೂತ್ರವು ಚಿತ್ತದ ಪ್ರಕೃತಿ ಪ್ರಭಾಸ್ವರವೆನ್ನುವಾಗಲೇ, ಆ ಚಿತ್ತ ‘ಅಚಿತ್ತ’ (ಚಿತ್ತವಲ್ಲದ್ದು) ಎಂದೂ ಹೇಳಿ, ಹಿಡಿದುಕೊಳ್ಳಲು ಏನನ್ನೂ ಉಳಿಸುವುದಿಲ್ಲ.

ನಿಮ್ಮ ಸಂದೇಹಕ್ಕೆ ನಿಜವಾದ ಬಲ ಬರುವುದು ತಥಾಗತಗರ್ಭದ, ಅಂದರೆ ಜೀವಿಗಳೊಳಗಿನ ಬುದ್ಧತ್ವದ ಬೀಜದ, ವಿಷಯದಲ್ಲಿ. ಕೊಳಕು ಬಟ್ಟೆಯಲ್ಲಿ ಸುತ್ತಿಟ್ಟ ರತ್ನದಂತೆ ಅದು ಎಲ್ಲ ಜೀವಿಗಳಲ್ಲೂ ಇದೆಯೆಂದ ಮೇಲೆ, ಆತ್ಮವಾದಕ್ಕೂ ಇದಕ್ಕೂ ಏನು ಭೇದವೆಂದು ಲಂಕಾವತಾರ ಸೂತ್ರದಲ್ಲಿ ಮಹಾಮತಿಯೆಂಬ ಬೋಧಿಸತ್ತ್ವನು ಬುದ್ಧನನ್ನೇ ಕೇಳುತ್ತಾನೆ. ಕುಂಬಾರನು ಒಂದೇ ಮಣ್ಣಿನಿಂದ ಬಗೆಬಗೆಯ ಪಾತ್ರೆ ಮಾಡುವಂತೆ, ಶೂನ್ಯತೆ, ನಿರ್ವಾಣಗಳನ್ನೇ ಬೇರೆ ಬೇರೆ ಹೆಸರುಗಳಲ್ಲಿ ಬೋಧಿಸಲಾಗುತ್ತದೆ, ‘ಅನಾತ್ಮ’ (ಆತ್ಮವಿಲ್ಲ) ಎಂದೊಡನೆ ಹೆದರುವವರಿಗಾಗಿ ತಥಾಗತಗರ್ಭವೆಂಬ ಹೆಸರು ಎಂಬುದು ಅಲ್ಲಿ ಸಿಗುವ ಉತ್ತರ.