ಕರ್ಟನ್ ರಾಡ್ ಹಾಕುವಾಗ ತೂತು ದೊಡ್ಡದಾಗಿ ಪ್ಲಗ್ (ಸ್ಕ್ರೂ ಹಿಡಿಯಲು ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಕೊಳವೆ) ಸುಮ್ನೆ ತಿರುಗುತ್ತಿದೆ. ಇನ್ನೊಂದು ಬ್ರಾಕೆಟ್ ಸ್ವಲ್ಪ ಕೆಳಗೆ ಬಂದಿದೆ. ಸರಿ ಮಾಡುವುದು ಹೇಗೆ?

ಈ ಎರಡೂ ಎಡವಟ್ಟು ನನಗೆ ಒಂದೇ ಕಿಟಕಿಯಲ್ಲಿ ಆಗಿದ್ದವು. ಆಗ ನಾನು ಮಾಡಿದ್ದನ್ನು ಮಾತ್ರ ಮಾಡಬೇಡಿ. ತೂತಿಗೆ ವಾಲ್ ಪುಟ್ಟಿ ಮೆತ್ತಿ, ಮಾರನೇ ದಿನ ಅದರಲ್ಲೇ ಸ್ಕ್ರೂ ಬಿಗಿದೆ. ಒಂದು ವಾರ ನಿಂತಿತ್ತು. ಆಮೇಲೆ ಬೆಳಗ್ಗೆ ಪರದೆ ಎಳೆದರೆ ರಾಡ್ ಸಮೇತ ತಲೆ ಮೇಲೆ ಬಂತು. ಪುಟ್ಟಿ ಇರುವುದು ಗೋಡೆ ನುಣುಪು ಮಾಡಲು, ಭಾರ ಹಿಡಿಯಲು ಅಲ್ಲ.

ಮೊದಲು ತೂತು ಎಷ್ಟು ಆಳ ಇದೆ ಅಂತ ಒಂದು ಕಡ್ಡಿ ಹಾಕಿ ಅಳೆಯಿರಿ. ಗೋಡೆಯ ಗಾರೆಯೇ ಸುಮಾರು 12ರಿಂದ 15 ಮಿ.ಮೀ. ಇರುತ್ತದೆ. ಚಿಕ್ಕ ಪ್ಲಗ್ ಹಾಕಿದರೆ ಅದರ ಅರ್ಧ ಭಾಗ ಗಾರೆಯಲ್ಲೇ ಉಳಿಯುತ್ತದೆ, ಗಾರೆ ಉದುರಿದರೆ ಹಿಡಿತವೂ ಹೋಯಿತು. ಹಾಗಾಗಿ ಅದೇ ತೂತನ್ನು ಇನ್ನೂ ಆಳ ಮಾಡಿ, 50 ಮಿ.ಮೀ. ಉದ್ದದ, ಒಂದು ಸೈಜ್ ದಪ್ಪನೆಯ ಪ್ಲಗ್ ಹಾಕಿ. ಸ್ಕ್ರೂ ಕೂಡ ಅಷ್ಟೇ ಉದ್ದ ಬೇಕು, ಇದನ್ನು ಮರೆಯುವವರೇ ಜಾಸ್ತಿ. ಮಣ್ಣಿನ ಇಟ್ಟಿಗೆಯ ಗೋಡೆಯಾದರೆ ಕೆಂಪು ಪುಡಿ ಬರಲು ಶುರುವಾದಾಗ ಇಟ್ಟಿಗೆ ಸಿಕ್ಕಿತು ಎಂದರ್ಥ.

ತೂತು ಬಾಯಿ ಬಿಟ್ಟು ಹೋಗಿದ್ದರೆ ಮರದ ಬೆಣೆಯೇ ವಾಸಿ. ಗಟ್ಟಿ ಮರದ ತುಂಡನ್ನು ತುದಿ ಸ್ವಲ್ಪ ಚೂಪಾಗಿ ಕೆತ್ತಿ, ಅಂಟು ಹಚ್ಚಿ, ಸುತ್ತಿಗೆಯಿಂದ ಬಿಗಿಯಾಗಿ ಹೊಡೆಯಿರಿ. ಹೊರಗೆ ಉಳಿದಿದ್ದನ್ನು ಗೋಡೆಯ ಸಮಕ್ಕೆ ಕೊಯ್ದು, ಒಂದು ದಿನ ಬಿಟ್ಟು ಸ್ಕ್ರೂ ಹಾಕಿ. ಸ್ಕ್ರೂಗಿಂತ ಸಣ್ಣ ಬಿಟ್‌ನಲ್ಲಿ ಮೊದಲು ತೂತು ಮಾಡಿಕೊಳ್ಳಿ, ಇಲ್ಲದಿದ್ದರೆ ಮರ ಸೀಳುತ್ತದೆ. ಎರಡು ಭಾಗ ಕಲಸಿ ಮಾಡುವ ಎಪಾಕ್ಸಿ ಪುಟ್ಟಿಯೂ ಆಗುತ್ತದೆ, ಅದು ಕಲ್ಲಿನಂತೆ ಗಟ್ಟಿಯಾಗುವವರೆಗೆ ಕೈ ಹಚ್ಚದಿದ್ದರೆ ಸಾಕು.

ಇನ್ನು, ಮೇಲೆ ಕೆಳಗೆ ಆದ ಬ್ರಾಕೆಟ್ ವಿಷಯ. ಅರ್ಧ ಸೆಂ.ಮೀ. ಪಕ್ಕದಲ್ಲಿ ಮತ್ತೆ ತೂತು ಮಾಡಲು ಹೋದರೆ ಬಿಟ್ ಜಾರಿ ಹಳೇ ತೂತಿಗೇ ಬೀಳುತ್ತದೆ. ನಾನು ಮೂರು ಸಲ ನೋಡಿ ಸುಸ್ತಾದೆ. ಕೊನೆಗೆ ಒಂದು ಮರದ ಪಟ್ಟಿಗೆ ಗೋಡೆಯ ಬಣ್ಣವೇ ಬಳಿದು, ಗೋಡೆ ಚೆನ್ನಾಗಿದ್ದ ಜಾಗದಲ್ಲಿ ಪಟ್ಟಿಯನ್ನು ಬಿಗಿದೆ. ಬ್ರಾಕೆಟ್ ಎರಡನ್ನೂ ಪಟ್ಟಿಯ ಮೇಲೆ ಸಮಮಟ್ಟಕ್ಕೆ ಹಾಕಿದೆ. ಹಾಳಾದ ತೂತುಗಳೆಲ್ಲ ಅದರ ಹಿಂದೆ ಮುಚ್ಚಿಹೋದವು! ಬೇಕೆಂದೇ ಮಾಡಿಸಿದ ಹಾಗೆ ಕಾಣುತ್ತದೆ.

ಕಿಟಕಿಯ ನೇರ ಮೇಲೆ ಬಿಟ್ ಒಳಗೆ ಹೋಗದೆ ಕಿರುಚಿದರೆ ಅದು ಲಿಂಟಲ್ ಕಾಂಕ್ರೀಟ್, ಅಂದರೆ ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ತೊಲೆ. ಡ್ರಿಲ್ ಅನ್ನು ಹ್ಯಾಮರ್ ಮೋಡ್‌ಗೆ (ಕುಟ್ಟುತ್ತಾ ಕೊರೆಯುವಂತೆ) ಹಾಕಿ. ಆದರೂ ಒಂದೇ ಕಡೆ ಪಕ್ಕಾ ನಿಂತುಬಿಟ್ಟರೆ ಒಳಗಿನ ಕಬ್ಬಿಣದ ಸರಳು ತಾಗಿರಬಹುದು, ಬಲ ಹಾಕಬೇಡಿ, ಒಂದೆರಡು ಇಂಚು ಸರಿಯಿರಿ. ಹತ್ತಿರದಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಅದರ ನೇರಕ್ಕೆ ಮೇಲೆ, ಅಕ್ಕಪಕ್ಕ ಮಾತ್ರ ಡ್ರಿಲ್ ಇಡಲೇಬೇಡಿ.