ಖುಲಾ ಪೇಪರ್‌ಗೆ ಸೈನ್ ಹಾಕ್ಲಾ ಮೇಡಂ?

ಪ್ರಶ್ನೆ: ಮೇಡಂ, ನಮ್ದು ದಾವಣಗೆರೆ. ಮದ್ವೆ ಆಗಿ ಎಂಟು ವರ್ಷ, ಒಬ್ಳು ಮಗಳು. ನಮ್ ಯಜಮಾನ್ರು ದುಬೈಗೆ ಹೋಗಿ ಮೂರು ವರ್ಷ ಆಯ್ತು, ಮೊದಲ ಆರು ತಿಂಗಳು ದುಡ್ಡು ಹಾಕಿದ್ರು, ಆಮೇಲೆ ಒಂದು ಪೈಸೆನೂ ಇಲ್ಲ, ಫೋನೂ ಎತ್ತಲ್ಲ. ನಾನು ಮಂಡಕ್ಕಿ ಭಟ್ಟೀಲಿ ಪ್ಯಾಕಿಂಗ್ ಮಾಡ್ಕೊಂಡು ಮನೆ ನಡೆಸ್ತಿದೀನಿ. ಈಗ ಅತ್ತೆ ಮನೆಯೋರು ಖುಲಾ ಪೇಪರ್ ಬರೆಸ್ಕೊಂಡು ಬಂದು, ಮೆಹರ್ (ಮದ್ವೇಲಿ ಗಂಡ ಹೆಂಡ್ತಿಗೆ ಕೊಡ್ತೀನಿ ಅಂತ ಒಪ್ಪಿದ ದುಡ್ಡು) ಬಾಕಿ ಬಿಟ್ಟು ಸೈನ್ ಹಾಕು, ಬಿಡುಗಡೆ ಆಗುತ್ತೆ ಅಂತಿದಾರೆ. 50,000 ಮೆಹರಲ್ಲಿ ನಿಖಾ ದಿನ ಕೊಟ್ಟಿದ್ದು 10,000 ಅಷ್ಟೆ. ಏನ್ ಮಾಡ್ಲಿ?

ಉತ್ತರ: ಸೈನ್ ಹಾಕ್ಬೇಡಿ ತಂಗಿ. ಖುಲಾ ಅಂದ್ರೆ ಹೆಂಡ್ತಿನೇ ಬಿಡುಗಡೆ ಕೇಳೋದು, ಅದಕ್ಕೆ ಸಾಮಾನ್ಯವಾಗಿ ಮೆಹರ್ ಬಿಟ್ಕೊಡೋದು. ಗಂಡ ಚೆನ್ನಾಗಿ ನೋಡ್ಕೊಳ್ತಿದ್ದು ನಿಮಗೇ ಬಾಳೋ ಮನಸ್ಸಿಲ್ಲ ಅಂದಿದ್ರೆ ಆ ಮಾತು ಬೇರೆ, ಇಲ್ಲಿ ಎರಡೂವರೆ ವರ್ಷ ಅನ್ನ ಹಾಕದೋರು ಅವರು, ದುಡ್ಡು ಬಿಡ್ಬೇಕಾದೋರು ನೀವಂತೆ!

1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ ಅಂತ ಒಂದಿದೆ, ಹಳೇದು, ಆದ್ರೆ ನಮ್ಮ ಹೆಣ್ಮಕ್ಕಳಲ್ಲಿ ಗೊತ್ತಿರೋರು ಕಮ್ಮಿ. ಗಂಡ ಎರಡು ವರ್ಷ ಜೀವನಾಂಶ ಕೊಡದಿದ್ರೆ ಅದೊಂದೇ ಕಾರಣಕ್ಕೆ ಕೋರ್ಟಲ್ಲಿ ವಿಚ್ಛೇದನ ಕೇಳ್ಬಹುದು. ನಾಕು ವರ್ಷ ಪತ್ತೆನೇ ಇಲ್ಲದಿದ್ರೆ ಅದೂ ಕಾರಣ, ನೀವು ಅಲ್ಲೀವರೆಗೆ ಕಾಯೋದು ಬೇಡ. ಹೀಗೆ ಬಿಡುಗಡೆ ಆದ್ರೆ ನಿಮ್ಮ ಮೆಹರ್ ಹಕ್ಕು ಹೋಗಲ್ಲ ಅಂತ ಅದೇ ಕಾಯ್ದೆ ಹೇಳುತ್ತೆ.

ನಿಖಾನಾಮಾ (ಮದ್ವೆ ಕರಾರು ಪತ್ರ) ತೆಗೆದು ನೋಡಿ, ಮುಅಜ್ಜಲ್ ಎಷ್ಟು, ಮುವಜ್ಜಲ್ ಎಷ್ಟು ಅಂತ ಬರೆದಿದ್ಯಾ? ಕೇಳೋಕೆ ಎರಡೂ ಒಂದೇ ಥರ, ಖಾಜಿ ಓದುವಾಗ ಯಾರಿಗೂ ತಲೆಗೆ ಹೋಗಲ್ಲ. ಮೊದಲನೇದು ಕೇಳಿದ ತಕ್ಷಣ ಕೊಡ್ಬೇಕಾದ್ದು, ಎರಡನೇದು ಸಾಮಾನ್ಯವಾಗಿ ತಲಾಖ್ ಆದಾಗಲೋ ಗಂಡ ತೀರಿಕೊಂಡಾಗಲೋ.

ಜೀವನಾಂಶದ ಕೇಸು ಬೇರೆ ಹಾಕ್ಬಹುದು, ನಿಮಗೂ ಮಗಳಿಗೂ. ಮುಸ್ಲಿಂ ಹೆಂಗಸ್ರಿಗೆ ಅದು ಸಿಗಲ್ಲ ಅಂತ ಯಾರಾದ್ರೂ ಹೆದರಿಸಿದ್ರೆ, 2024ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಸಿಗುತ್ತೆ ಅಂತ ಹೇಳಿದೆ ಅನ್ನಿ. ವಕೀಲರ ಫೀಸಿಗೆ ದುಡ್ಡಿಲ್ಲ ಅನ್ನೋ ಚಿಂತೆನೂ ಬೇಡ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸ್ರಿಗೆ ಉಚಿತ ವಕೀಲರು, ಆದಾಯ ಎಷ್ಟು ಅಂತ ನೋಡಲ್ಲ.

ಹೋಗುವಾಗ ನಿಖಾನಾಮಾ, ಪಾಸ್‌ಬುಕ್ (ಕೊನೇ ಸಲ ದುಡ್ಡು ಬಂದ ಎಂಟ್ರಿ ಇರೋ ಪುಟ), ಮಗಳ ಸ್ಕೂಲ್ ಫೀಸ್ ರಸೀದಿ ತಗೊಂಡು ಹೋಗಿ. ಅವ್ರು ತಂದಿರೋ ಖುಲಾ ಪೇಪರ್ ವಾಪಸ್ ಕೊಡೋ ಮುಂಚೆ ಒಂದು ಜೆರಾಕ್ಸ್ ಮಾಡಿಸ್ಕೊಳ್ಳಿ, ಮೆಹರ್ ಬಾಕಿ ಇದೆ ಅಂತ ಅವ್ರೇ ಬರೆಸಿದಾರಲ್ಲ.